ಮನೋವಿಜ್ಞಾನದ ಪ್ರಾಜೆಕ್ಟ್: ಡೇಟಾ ತರುವ ಮೊದಲೇ ಮುಗಿಸಬೇಕಾದ ಕೆಲಸ

"ಮೊಬೈಲ್ ಪಕ್ಕದಲ್ಲಿ ಇಟ್ಕೊಂಡು ಕೂತ್ರೆ ಓದಿದ್ದು ತಲೆಗೆ ಹತ್ತುತ್ತಾ?" ತೀರ್ಥಹಳ್ಳಿಯಿಂದ ಸೊರಬದವರೆಗೆ, ಓದುವ ಮಕ್ಕಳಿರುವ ಯಾವ ಮನೆಗೆ ಹೋದರೂ ಕಿವಿಗೆ ಬೀಳುವ ಮಾತಿದು. ಮನೆಯವರಿಗೆ ಅದು ಬೈಗುಳ. ಮನೋವಿಜ್ಞಾನ ಓದುವವರಿಗೆ ಪರೀಕ್ಷೆಗೆ ಒಡ್ಡಬಹುದಾದ ಪ್ರಶ್ನೆ. ಡಿಗ್ರಿ ಕೊನೆಯ ವರ್ಷದವರು, ಎಂ.ಎ. ಮಾಡುತ್ತಿರುವವರು ಪ್ರಾಜೆಕ್ಟ್ ಅಂದ ತಕ್ಷಣ ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ನೂರು ಉತ್ತರ ಬಂದ ಮೇಲೆ ಗೈಡ್ ಹತ್ತಿರ ಹೋಗಿ "ಇದಕ್ಕೆ ಯಾವ ಟೆಸ್ಟ್ ಹಾಕಬೇಕು?" ಎಂದು ಕೇಳುತ್ತಾರೆ. ಅಷ್ಟು ಹೊತ್ತಿಗೆ ಅಧ್ಯಯನ ಗೆದ್ದಿದೆಯೋ ಸೋತಿದೆಯೋ ಎಂಬುದು ತೀರ್ಮಾನವಾಗಿಬಿಟ್ಟಿರುತ್ತದೆ. ಕೆಟ್ಟ ವಿನ್ಯಾಸವನ್ನು ಯಾವ ಸಂಖ್ಯಾಶಾಸ್ತ್ರವೂ ಸರಿಮಾಡದು. ಮೊಬೈಲಿನ ಈ ಒಂದೇ ಪ್ರಶ್ನೆಯನ್ನು ಹಿಡಿದು ಕೊನೆಯವರೆಗೆ ಹೇಗೆ ಸಾಗುವುದು ಎಂದು ಇಲ್ಲಿ ನೋಡೋಣ.

ಅಳೆಯಲು ಬರುವ ಪ್ರಶ್ನೆ

"ವಿದ್ಯಾರ್ಥಿಗಳ ಮೇಲೆ ಮೊಬೈಲಿನ ದುಷ್ಪರಿಣಾಮಗಳು" ಎಂದು ಶೀರ್ಷಿಕೆ ಇಟ್ಟರೆ ತೀರ್ಪು ಆಗಲೇ ಬರೆದ ಹಾಗಾಯಿತು, ಇನ್ನು ಹುಡುಕುವುದೇನಿದೆ? ಪ್ರಶ್ನೆಯಲ್ಲಿರುವ ಪ್ರತಿಯೊಂದು ಮಾತನ್ನೂ ಕಣ್ಣಿಗೆ ಕಾಣುವ, ಎಣಿಸಲು ಸಿಗುವ ಸಂಗತಿಯಾಗಿ ಬದಲಿಸಿ. "ಹತ್ತಿರ" ಎಂದರೆ ಫೋನು ಮೇಜಿನ ಬಲಗಡೆ, ಸ್ಕ್ರೀನ್ ಕೆಳಗೆ ಮಾಡಿ, ಸೈಲೆಂಟ್‌ನಲ್ಲಿ, ವೈಬ್ರೇಷನ್ ಕೂಡ ಆಫ್ ಆಗಿ ಇರುವುದು. "ದೂರ" ಎಂದರೆ ಫೋನು ಚೀಲದಲ್ಲಿ, ಚೀಲ ಕೊಠಡಿಯ ಹೊರಗೆ. "ತಲೆಗೆ ಹತ್ತುವುದು" ಎಂದರೆ ತೋರಿಸಿದ 20 ಪದಗಳಲ್ಲಿ ಎರಡು ನಿಮಿಷದೊಳಗೆ ನೆನಪಿಸಿಕೊಂಡು ಬರೆದವು ಎಷ್ಟು ಎಂಬ ಲೆಕ್ಕ. ನಾವು ಬದಲಾಯಿಸುವ ಫೋನಿನ ಜಾಗ ಸ್ವತಂತ್ರ ಚರ. ನಾವು ಅಳೆಯುವ ಪದಗಳ ಸಂಖ್ಯೆ ಅವಲಂಬಿತ ಚರ. ಹೀಗೆ ಬಿಡಿಸಿ ಬರೆದರೆ ಬೇರೆ ಯಾರಾದರೂ ಸಾಗರದಲ್ಲೋ ಭದ್ರಾವತಿಯಲ್ಲೋ ನಿಮ್ಮ ಕೆಲಸವನ್ನು ಹಾಗೇ ಮತ್ತೆ ಮಾಡಿ ನೋಡಬಹುದು.

ಪ್ರಾಕ್ಕಲ್ಪನೆ, ಅಂದರೆ ಏನು ಕಾಣುತ್ತದೆ ಎಂದು ಮೊದಲೇ ಹೇಳುವ ಊಹೆ, ಒಂದು ವಾಕ್ಯದಲ್ಲಿರಲಿ: "ಫೋನು ಮೇಜಿನ ಮೇಲಿದ್ದವರು, ಹೊರಗಿಟ್ಟವರಿಗಿಂತ ಸರಾಸರಿ ಕಡಿಮೆ ಪದ ನೆನಪಿಸಿಕೊಳ್ಳುತ್ತಾರೆ." ಯಾವ ಫಲಿತಾಂಶ ಬಂದರೆ ಇದು ಸುಳ್ಳಾಗುತ್ತದೆ ಎಂದು ನಿಮಗೆ ಹೇಳಲು ಬರದಿದ್ದರೆ ಅದಿನ್ನೂ ಪ್ರಾಕ್ಕಲ್ಪನೆಯಾಗಿಲ್ಲ. ಇದನ್ನೂ, ಎಷ್ಟು ಜನ, ಯಾರನ್ನು ಬಿಡುತ್ತೇವೆ, ಯಾವ ಪರೀಕ್ಷೆ ಹಾಕುತ್ತೇವೆ ಎಂಬುದನ್ನೂ ದಿನಾಂಕ ಹಾಕಿ ಬರೆದು ಗೈಡ್ ಸಹಿ ಮಾಡಿಸಿಕೊಳ್ಳಿ. ಓಪನ್ ಸೈನ್ಸ್ ಫ್ರೇಮ್‌ವರ್ಕ್ ಜಾಲತಾಣದಲ್ಲಿ ಇದನ್ನು ಉಚಿತವಾಗಿ ನೋಂದಾಯಿಸಲೂಬಹುದು. ಫಲಿತಾಂಶ ನೋಡಿದ ಮೇಲೆ ಪ್ರಾಕ್ಕಲ್ಪನೆಯನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. ದಿನಾಂಕ ಹಾಕಿದ ಹಾಳೆ ಇದ್ದರೆ ಆ ದಾರಿ ಮುಚ್ಚುತ್ತದೆ.

ಸುಲಭದ ದಾರಿ ಯಾಕೆ ಸಾಲದು

ಇಷ್ಟೆಲ್ಲ ಯಾಕೆ, ದಿನಕ್ಕೆ ಎಷ್ಟು ಗಂಟೆ ಮೊಬೈಲ್ ನೋಡುತ್ತೀರಿ, ಕಳೆದ ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ಕೇಳಿ ಸಹಸಂಬಂಧ (ಒಂದು ಏರಿದಂತೆ ಇನ್ನೊಂದು ಏರುತ್ತದೋ ಇಳಿಯುತ್ತದೋ ಎಂಬ ಅಳತೆ) ತೆಗೆದರೆ ಆಗದೇ? ತೆಗೆಯಬಹುದು. ಗಂಟೆ ಹೆಚ್ಚಿದವರ ಅಂಕ ಕಡಿಮೆ ಎಂದೇ ಬಂತು ಅನ್ನಿ. ಮೊಬೈಲಿನಿಂದ ಅಂಕ ಇಳಿದಿರಬಹುದು. ಅಂಕ ಬರದೆ ಬೇಸರವಾಗಿ ಮೊಬೈಲ್ ಹಿಡಿದಿರಬಹುದು. ಎರಡಕ್ಕೂ ಕಾರಣ ಮೂರನೆಯದೊಂದು ಇರಬಹುದು: ಹೊಸನಗರದ ಒಳಗಿನ ಊರಿಂದ ಶಿವಮೊಗ್ಗಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿಗೆ ದಾರಿಯಲ್ಲಿ ಮೊಬೈಲ್ ಬಿಟ್ಟರೆ ಬೇರೆ ಗತಿಯಿಲ್ಲ, ಮನೆ ಮುಟ್ಟಿದ ಮೇಲೆ ಓದಲು ಹೊತ್ತೂ ಇಲ್ಲ. ಅಲ್ಲಿ ಅಂಕ ಇಳಿಸಿದ್ದು ಪ್ರಯಾಣ. ಸಹಸಂಬಂಧದ ಸಂಖ್ಯೆ ಎಷ್ಟೇ ದೊಡ್ಡದಿದ್ದರೂ ಈ ಮೂರರಲ್ಲಿ ಯಾವುದು ನಿಜ ಎಂದು ಅದು ಹೇಳುವುದಿಲ್ಲ.

ಹಾಗೆಂದು ಸಹಸಂಬಂಧದ ಅಧ್ಯಯನ ಕೀಳಲ್ಲ. ಮದ್ಯಪಾನ, ಬಾಲ್ಯದ ಆಘಾತ, ಬೆಳೆನಷ್ಟ ಇವನ್ನೆಲ್ಲ ಪ್ರಯೋಗ ಮಾಡಿ ನೋಡಲಾಗದು. ಅಲ್ಲಿ ಅದೇ ದಾರಿ. ಮಾಡುವುದಾದರೆ ಗಂಟೆಯನ್ನು ಬಾಯಿಮಾತಿನಲ್ಲಿ ಕೇಳದೆ ಫೋನಿನ ಸೆಟ್ಟಿಂಗ್ಸ್‌ನಲ್ಲಿರುವ ಸ್ಕ್ರೀನ್ ಟೈಮ್ ನೋಡಿ ವಾರದ ಸರಾಸರಿ ಬರೆದುಕೊಳ್ಳಿ. ಪ್ರಯಾಣದ ಸಮಯ, ಹಾಸ್ಟೆಲ್ಲೋ ಮನೆಯೋ ಎಂಬುದನ್ನೂ ದಾಖಲಿಸಿ. ಒಬ್ಬಿಬ್ಬರ ವಿಪರೀತ ಸಂಖ್ಯೆಗಳಿದ್ದರೆ, ಅಥವಾ ನಿಮ್ಮ ಬಳಿ ಇರುವುದು ಬರೀ ಶ್ರೇಣಿಗಳಾಗಿದ್ದರೆ, ಸಂಖ್ಯೆಗಳನ್ನೇ ನೇರ ಬಳಸುವ ಪಿಯರ್ಸನ್‌ಗಿಂತ ಶ್ರೇಣಿಗಳನ್ನು ಬಳಸುವ ಸ್ಪಿಯರ್‌ಮನ್ ಸಹಸಂಬಂಧ ಲೇಸು. (ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಕಲಿತದ್ದು ಇದೇ ಸ್ಪಿಯರ್‌ಮನ್ ಅವರ ಹತ್ತಿರ.)

ಆರಿಸುವುದು ಬೇರೆ, ಹಂಚುವುದು ಬೇರೆ

ವೈವಾದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಇಡೀ ಕಾಲೇಜಿನಿಂದ ಯಾರು ಅಧ್ಯಯನಕ್ಕೆ ಬರುತ್ತಾರೆ ಎಂಬುದು ಪ್ರತಿದರ್ಶದ (ಸ್ಯಾಂಪಲ್) ಆಯ್ಕೆ. ಬಂದವರಲ್ಲಿ ಯಾರು ಯಾವ ಗುಂಪಿಗೆ ಎಂಬುದು ಹಂಚಿಕೆ. ಮೊದಲನೆಯದು ಯಾದೃಚ್ಛಿಕವಾಗಿದ್ದರೆ (ಯಾರ ಇಷ್ಟಕ್ಕೂ ಬಿಡದೆ ಚೀಟಿ ಎತ್ತಿದ ಹಾಗಿದ್ದರೆ) ಫಲಿತಾಂಶವನ್ನು ಇಡೀ ಕಾಲೇಜಿಗೆ ಅನ್ವಯಿಸಬಹುದು. ಎರಡನೆಯದು ಯಾದೃಚ್ಛಿಕವಾಗಿದ್ದರೆ "ಫೋನಿನಿಂದಲೇ ಹೀಗಾಯಿತು" ಎನ್ನಬಹುದು. ಸಣ್ಣ ಪ್ರಾಜೆಕ್ಟಿನಲ್ಲಿ ಮೊದಲನೆಯದು ಪೂರ್ತಿ ಸಿಗುವುದು ಕಷ್ಟ, ಸಿಗಲಿಲ್ಲ ಎಂದು ವರದಿಯಲ್ಲಿ ಬರೆದರಾಯಿತು. ಎರಡನೆಯದಕ್ಕೆ ಖರ್ಚೇ ಇಲ್ಲ, ಆದ್ದರಿಂದ ರಿಯಾಯಿತಿಯೂ ಇಲ್ಲ.

ಆಯ್ಕೆಗೆ ಹಾಜರಿ ಪಟ್ಟಿ ತೆಗೆದುಕೊಂಡು, ಎಕ್ಸೆಲ್‌ನಲ್ಲಿ ಹೆಸರಿನ ಪಕ್ಕ ರ‍್ಯಾಂಡ್ ಸೂತ್ರ ಹಾಕಿ, ಆ ಸಂಖ್ಯೆಗಳ ಪ್ರಕಾರ ಜೋಡಿಸಿ ಮೇಲಿನಿಂದ ಬೇಕಾದಷ್ಟು ಜನರನ್ನು ತೆಗೆಯಿರಿ. ಬರೀ ಗೂಗಲ್ ಫಾರ್ಮ್ ನಂಬಿದರೆ ಆಗುಂಬೆ ಕಡೆಯ, ಶರಾವತಿ ಹಿನ್ನೀರಿನ ಆಚೆಯ, ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಹುಡುಗರು ಮೊದಲೇ ಹೊರಬಿದ್ದಿರುತ್ತಾರೆ. ಮೊಬೈಲ್ ಬಳಕೆಯ ಅಧ್ಯಯನದಲ್ಲಿ ಅವರೇ ಬಿಟ್ಟುಹೋದರೆ ಚಿತ್ರವೇ ಓರೆ.

ಹಂಚಿಕೆಗೆ ಚೀಟಿ ಸಾಕು. ಆ ದಿನ 16 ಜನ ಬರುವುದಾದರೆ 8 ಚೀಟಿಯಲ್ಲಿ "ಎ", 8ರಲ್ಲಿ "ಬಿ" ಬರೆದು, ಮಡಚಿ, ಡಬ್ಬಿಯಲ್ಲಿ ಕಲಸಿ ಒಬ್ಬೊಬ್ಬರಿಂದ ಎತ್ತಿಸಿ. 14 ಜನ ಬಂದರೆ ಏಳು ಏಳು. ರೋಲ್ ನಂಬರ್ ಪ್ರಕಾರ ಅರ್ಧ ಮಾಡಬೇಡಿ. ಹಲವು ಕಡೆ ರೋಲ್ ನಂಬರ್ ವಿಷಯ ಸಂಯೋಜನೆಯ ಮೇಲೋ ಪ್ರವೇಶ ಪಡೆದ ಕ್ರಮದ ಮೇಲೋ ಬಿದ್ದಿರುತ್ತದೆ. ಮುಂದಿನ ಬೆಂಚು ಒಂದು ಗುಂಪು, ಹಿಂದಿನ ಬೆಂಚು ಇನ್ನೊಂದು ಗುಂಪು ಎಂದರಂತೂ ಮುಗಿಯಿತು. ಚೀಟಿ ಎತ್ತಿದ ಮೇಲೆ "ನಾನು ನನ್ನ ಫ್ರೆಂಡ್ ಜೊತೆ ಕೂರ್ತೀನಿ ಸರ್" ಎಂಬ ಕೋರಿಕೆಗೆ ಒಪ್ಪಬಾರದು.

ಎಷ್ಟು ಜನ?

"ಮೂವತ್ತಿದ್ದರೆ ಸಾಕು" ಎಂಬ ಮಾತು ತಲೆಮಾರುಗಳಿಂದ ಓಡುತ್ತಿದೆ. ಎಷ್ಟು ಬೇಕು ಎಂಬುದು ನೀವು ಹುಡುಕುತ್ತಿರುವ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದರ ಮೇಲೆ ನಿಂತಿದೆ. ಎರಡು ಪ್ರತ್ಯೇಕ ಗುಂಪು, 0.05ರ ಮಟ್ಟ (ವ್ಯತ್ಯಾಸ ಇಲ್ಲದಿದ್ದರೂ ಇದೆ ಎಂದು ತಪ್ಪಾಗಿ ಹೇಳುವ ಸಾಧ್ಯತೆ 5%), ನಿಜವಾದ ವ್ಯತ್ಯಾಸವಿದ್ದರೆ ಅದನ್ನು ಹಿಡಿಯುವ ಸಾಧ್ಯತೆ 80% ಇರಬೇಕು ಎಂದಿಟ್ಟುಕೊಂಡರೆ, ಮಧ್ಯಮ ಗಾತ್ರದ ಪರಿಣಾಮಕ್ಕೆ (ಕೋಹೆನ್ ಡಿ, ಅಂದರೆ ಸರಾಸರಿಗಳ ಅಂತರವನ್ನು ಅಂಕಗಳ ಚದುರುವಿಕೆಯಿಂದ ಭಾಗಿಸಿದ್ದು, 0.5) ಪ್ರತಿ ಗುಂಪಿಗೆ 64 ಜನ ಬೇಕು. ದೊಡ್ಡ ಪರಿಣಾಮಕ್ಕೆ (0.8) 26 ಜನ ಸಾಕು. ಸಣ್ಣದಕ್ಕೆ (0.2) ಗುಂಪಿಗೆ 390ಕ್ಕೂ ಹೆಚ್ಚು. ಜಿ-ಪವರ್ ಎಂಬ ಉಚಿತ ತಂತ್ರಾಂಶ ಈ ಲೆಕ್ಕ ಕ್ಷಣದಲ್ಲಿ ಕೊಡುತ್ತದೆ.

128 ಜನ ಸಿಗುವ ಹಾಗಿಲ್ಲವೇ? ಒಬ್ಬರನ್ನೇ ಎರಡೂ ಸ್ಥಿತಿಯಲ್ಲಿ ಪರೀಕ್ಷಿಸಿದರೆ ಅದೇ 0.5ಕ್ಕೆ 34 ಜನ ಸಾಕು, ಯಾಕೆಂದರೆ ಜನರ ನಡುವಿನ ಸ್ವಾಭಾವಿಕ ವ್ಯತ್ಯಾಸ ಲೆಕ್ಕದಿಂದ ಹೊರಹೋಗುತ್ತದೆ. ಆದರೆ ಎರಡನೇ ಸಲಕ್ಕೆ ಅಭ್ಯಾಸವಾಗಿರುತ್ತದೆ, ಇಲ್ಲವೇ ಸುಸ್ತಾಗಿರುತ್ತದೆ. ಅದಕ್ಕೆ ಅರ್ಧ ಜನಕ್ಕೆ ಫೋನು ಮೊದಲು, ಅರ್ಧಕ್ಕೆ ಆಮೇಲೆ; ಎರಡು ಪದಪಟ್ಟಿಗಳನ್ನೂ ಅದಲುಬದಲು. ಒಟ್ಟು ನಾಲ್ಕು ಕ್ರಮ ಆಗುವುದರಿಂದ 34ರ ಬದಲು 36 ಜನ, ಪ್ರತಿ ಕ್ರಮಕ್ಕೆ 9. ಇದರಲ್ಲಿ ಇನ್ನೊಂದು ತೊಂದರೆ: ಒಮ್ಮೆ ಫೋನು ಮೇಜಿನ ಮೇಲಿಡಿಸಿ, ಇನ್ನೊಮ್ಮೆ ಹೊರಗಿಡಿಸಿದರೆ ಏನು ಪರೀಕ್ಷೆ ನಡೆಯುತ್ತಿದೆ ಎಂದು ದಡ್ಡನಿಗೂ ಹೊಳೆಯುತ್ತದೆ. ಜನ ಸಿಗುವುದಾದರೆ ಎರಡು ಗುಂಪಿನ ವಿನ್ಯಾಸವೇ ಮೇಲು.

ಪ್ರಯೋಗದ ದಿನ

ಪದಗಳನ್ನು ಆರಿಸುವಾಗ ಎರಡು ಮೂರು ಅಕ್ಷರದ, ಎಲ್ಲರಿಗೂ ಗೊತ್ತಿರುವ ನಾಮಪದಗಳಿರಲಿ: ಬಾಗಿಲು, ನದಿ, ಚಮಚ, ಕುದುರೆ, ಟೋಪಿ. ಅಡಿಕೆ, ತೋಟ, ಹಾಳೆ, ಕೊನೆ ಎಂದು ಅಡಿಕೆಯ ಪದಗಳನ್ನೇ ಒಟ್ಟಿಗೆ ಹಾಕಿದರೆ ತೋಟದ ಮನೆಯ ಮಕ್ಕಳು ಒಂದರ ಹಿಂದೆ ಒಂದು ಎಳೆದು ಬರೆದುಬಿಡುತ್ತಾರೆ. ಆಗ ಅಳೆದದ್ದು ನೆನಪೋ ಊರೋ ಗೊತ್ತಾಗುವುದಿಲ್ಲ. ಪ್ರತಿ ಪದ ತೆರೆಯ ಮೇಲೆ 2 ಸೆಕೆಂಡ್, ನಡುವೆ 1 ಸೆಕೆಂಡ್ ಖಾಲಿ. 20 ಪದಕ್ಕೆ ಸರಿಯಾಗಿ ಒಂದು ನಿಮಿಷ. ಸ್ಲೈಡ್‌ಗಳಿಗೆ ಸಮಯ ಹಾಕಿ ಅವು ತಾವಾಗಿ ಓಡುವಂತೆ ಮಾಡಿ, ಕೈಯಲ್ಲಿ ಒತ್ತಬೇಡಿ. ಪಟ್ಟಿಯ ಕೊನೆಯ ಪದಗಳು ಮನಸ್ಸಿನಲ್ಲಿ ಇನ್ನೂ ಹಸಿಯಾಗಿ ಇರುತ್ತವೆ. ಅವನ್ನು ಅಳಿಸಲು 30 ಸೆಕೆಂಡ್ 100ರಿಂದ ಮೂರು ಮೂರು ಕಳೆಯುತ್ತ ಬರೆಯಲು ಹೇಳಿ: 97, 94, 91… ಆಮೇಲೆ ಹೊಸ ಹಾಳೆ ಕೊಟ್ಟು 2 ನಿಮಿಷ.

ಮೊದಲು ಎಂಟು ಹತ್ತು ಜನರ ಮೇಲೆ ಪ್ರಾಯೋಗಿಕವಾಗಿ ಮಾಡಿ ನೋಡಿ. ಸರಾಸರಿ 17-18 ಬಂದರೆ ಪಟ್ಟಿ ತೀರಾ ಸುಲಭ, ಎಲ್ಲರೂ ಮೇಲಿನ ಗಡಿಗೆ ಒತ್ತಿಕೊಂಡು ನಿಂತು ವ್ಯತ್ಯಾಸ ಕಾಣುವುದೇ ಇಲ್ಲ. 3 ಬಂದರೆ ತೀರಾ ಕಷ್ಟ. ನಡುವಿಗೆ ಬರುವ ತನಕ ಪಟ್ಟಿ ತಿದ್ದಿ. ಈ ಹತ್ತು ಜನರ ಡೇಟಾವನ್ನು ಮುಖ್ಯ ಅಧ್ಯಯನಕ್ಕೆ ಸೇರಿಸುವಂತಿಲ್ಲ.

ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಇಂಥದ್ದನ್ನು ಮಾಡುವವರು ಮಾಡಿನ ಕಡೆ ಒಮ್ಮೆ ನೋಡಬೇಕು. ಶೀಟಿನ ಮಾಡಿನ ಮೇಲೆ ಮಳೆ ಹುಯ್ಯತೊಡಗಿದರೆ ನೀವು ಓದುವ ಸೂಚನೆ ಎರಡನೇ ಬೆಂಚಿಗೂ ಕೇಳದು. "ಎ" ಗುಂಪನ್ನು ಸೋಮವಾರ ಬೆಳಗ್ಗೆ ಹೊಳವಾದಾಗ, "ಬಿ" ಗುಂಪನ್ನು ಮಂಗಳವಾರ ಮಧ್ಯಾಹ್ನ ಜಡಿಮಳೆಯಲ್ಲಿ ಕೂರಿಸಿದರೆ ಸಿಕ್ಕ ವ್ಯತ್ಯಾಸ ಫೋನಿನದೋ ಮಳೆಯದೋ ಊಟದ ನಂತರದ ತೂಕಡಿಕೆಯದೋ ಬೇರ್ಪಡಿಸಲು ಬರುವುದಿಲ್ಲ. ಹೀಗಾಗಿ ಅಕ್ಕಪಕ್ಕದ ಎರಡು ಕೊಠಡಿಗಳಲ್ಲಿ ಎರಡೂ ಗುಂಪನ್ನು ಒಂದೇ ಹೊತ್ತಿಗೆ ಕೂರಿಸಿ, ಕೊಠಡಿಗೆ 8 ಜನ. ಮರುದಿನ ಕೊಠಡಿಗಳನ್ನೂ, ನಡೆಸುವ ಇಬ್ಬರನ್ನೂ ಅದಲುಬದಲು ಮಾಡಿ. ಎಂಟು ದಿನಕ್ಕೆ ಗುಂಪಿಗೆ 64 ಜನ ಆಗುತ್ತಾರೆ. ಮಳೆಗೆ ರಜೆ ಕೊಟ್ಟರೆ ಎರಡೂ ಗುಂಪಿಗೂ ಒಂದೇ ದಿನ ತಪ್ಪುತ್ತದೆ. ಕರೆಂಟ್ ಹೋಗಿ ತೆರೆ ಆರಿದರೆ ಆ ಅವಧಿಯ ಡೇಟಾ ಪೂರ್ತಿ ಬಿಡುವುದು ಎಂದು ಮೊದಲೇ ಬರೆದಿಟ್ಟಿರಿ.

ಸೂಚನೆಗಳನ್ನು ಹಾಳೆ ನೋಡಿ ಓದಿ, ಒಂದು ಪದವೂ ಹೆಚ್ಚುಕಡಿಮೆ ಆಗಬಾರದು. 1907ರಲ್ಲಿ ಮನೋವಿಜ್ಞಾನಿ ಆಸ್ಕರ್ ಪ್‌ಫುಂಗ್ಸ್ಟ್ ಬರ್ಲಿನ್ನಿನ ಲೆಕ್ಕ ಮಾಡುವ ಕುದುರೆ "ಹಾನ್ಸ್"ನನ್ನು ಪರೀಕ್ಷಿಸಿದಾಗ, ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಯೂ ತಪ್ಪುತ್ತಿತ್ತು. ಕೇಳುವವನ ಮೈಯಲ್ಲಿ ತಿಳಿಯದೆ ಆಗುವ ಸಣ್ಣ ಚಲನೆಯನ್ನು ನೋಡಿ ಅದು ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತು. ಕುದುರೆಗೇ ಗೊತ್ತಾಗುವುದು ನಿಮ್ಮ ಜೂನಿಯರ್‌ಗೆ ಗೊತ್ತಾಗುವುದಿಲ್ಲವೇ? ಸಾಧ್ಯವಾದರೆ ಪ್ರಾಕ್ಕಲ್ಪನೆ ಗೊತ್ತಿಲ್ಲದ ಗೆಳೆಯರಿಂದ ಸೂಚನೆ ಓದಿಸಿ. ಉತ್ತರ ಹಾಳೆ ತಿದ್ದುವವರಿಗೆ ಅದು ಯಾವ ಗುಂಪಿನದೆಂದು ಕಾಣದಿರಲಿ. "ಬಾಗಿಲು" ಬದಲು "ಬಾಗ್ಲು" ಬರೆದರೆ ಸರಿಯೇ, "ಕುದುರೆಗಳು" ಎಂದರೆ ಸರಿಯೇ ಎಂಬ ನಿಯಮ ತಿದ್ದುವ ಮೊದಲೇ ಇರಬೇಕು.

ಭಾಗವಹಿಸುವವರಿಗೆ "ನೆನಪಿನ ಶಕ್ತಿಯ ಅಧ್ಯಯನ" ಎಂದಷ್ಟೇ ಹೇಳಿ. ಕೊನೆಯಲ್ಲಿ "ಇದು ಯಾವುದರ ಬಗ್ಗೆ ಎಂದು ಅನ್ನಿಸಿತು?" ಎಂದು ಬರೆಸಿ, ಊಹಿಸಿದವರು ಎಷ್ಟು ಎಂದು ವರದಿಯಲ್ಲಿ ಕೊಡಬೇಕು. ಆಮೇಲೆ ನಿಜ ಸಂಗತಿ ತಿಳಿಸಿ, ಎಂಟು ದಿನ ಯಾರಿಗೂ ಹೇಳಬೇಡಿ ಎಂದು ಕೇಳಿಕೊಳ್ಳಿ. ಹಾಸ್ಟೆಲ್‌ನಲ್ಲಿ ಸುದ್ದಿ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಮುಟ್ಟುತ್ತದೆ.

ಪ್ರಶ್ನಾವಳಿ ಬಳಸುವುದಾದರೆ

ಸಿದ್ಧ ಮಾಪನವಿರುವಾಗ ಸ್ವಂತದ್ದು ಕಟ್ಟಬೇಡಿ. ಹತ್ತು ಪ್ರಶ್ನೆಗಳ ಒತ್ತಡ ಮಾಪನ ಪಿಎಸ್‌ಎಸ್-10ನ್ನೇ ತೆಗೆದುಕೊಳ್ಳಿ. ಪ್ರತಿ ಪ್ರಶ್ನೆಗೆ 0ರಿಂದ 4, ಒಟ್ಟು 0ರಿಂದ 40. 4, 5, 7, 8ನೇ ಪ್ರಶ್ನೆಗಳ ಅಂಕ ತಿರುಗಿಸಬೇಕು, 0 ಇದ್ದದ್ದು 4 ಆಗಬೇಕು. ಇದನ್ನು ಮರೆತರೆ, ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರಾನ್‌ಬಾಕ್ ಆಲ್ಫಾ ದಿಢೀರನೆ ಕುಸಿಯುತ್ತದೆ. 0.70ರ ಆಸುಪಾಸು ಇರಬೇಕಾದ ಜಾಗದಲ್ಲಿ 0.3 ಕಂಡರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಪಿಎಸ್‌ಎಸ್-10 ಕೇಳುವುದು "ಕಳೆದ ಒಂದು ತಿಂಗಳ" ಬಗ್ಗೆ. ಅಡಿಕೆ ಬೆಳೆಗಾರರ ಒತ್ತಡ ಅಳೆಯುವವರು ಕೊಳೆರೋಗದ ಭಯವಿರುವ ಆಗಸ್ಟಿನಲ್ಲಿ ತೀರ್ಥಹಳ್ಳಿಯವರನ್ನೂ, ಕೊಯ್ಲು ಮುಗಿದ ಫೆಬ್ರವರಿಯಲ್ಲಿ ಶಿಕಾರಿಪುರದವರನ್ನೂ ಕೇಳಿ ತಾಲ್ಲೂಕುಗಳನ್ನು ಹೋಲಿಸಿದರೆ, ಹೋಲಿಸಿದ್ದು ತಿಂಗಳುಗಳನ್ನು.

ಕನ್ನಡಕ್ಕೆ ತರುವಾಗ ಇಬ್ಬರು ಬೇರೆ ಬೇರೆ ಅನುವಾದಿಸಲಿ, ಕೂತು ಒಂದು ಮಾಡಲಿ, ಮೂಲ ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಮೂಲಕ್ಕೂ ಅದಕ್ಕೂ ಹೊಂದದ ಕಡೆ ತಿದ್ದಿ, ಐದಾರು ಜನರಿಂದ ಓದಿಸಿ "ಇದರಲ್ಲಿ ಏನು ಕೇಳಿದ್ದಾರೆ, ನಿಮ್ಮ ಮಾತಲ್ಲಿ ಹೇಳಿ" ಎನ್ನಿ. ಹೆಚ್ಚು ತೊಡಕಾಗುವುದು ನಿಷೇಧದ ವಾಕ್ಯಗಳಲ್ಲಿ. "ನನಗೆ ಓದಿನಲ್ಲಿ ಆಸಕ್ತಿ ಇಲ್ಲ" ಎಂಬುದಕ್ಕೆ "ಒಪ್ಪುವುದಿಲ್ಲ" ಎಂದು ಗುರುತು ಹಾಕಬೇಕಾದ ಹುಡುಗ, ಆಸಕ್ತಿ ಇದ್ದೂ "ಒಪ್ಪುತ್ತೇನೆ"ಗೆ ಹಾಕಿ ಮುಂದೆ ಹೋಗುತ್ತಾನೆ.

ಹಳ್ಳಿ ಮನೆಗಳಲ್ಲಿ ಸಂದರ್ಶನ ಮಾಡುವವರಿಗೆ ಇನ್ನೊಂದು ಮಾತು. ಜಗಲಿಯಲ್ಲಿ ಕೂತು ಸೊಸೆಯನ್ನು ಕೇಳಿದರೆ ಉತ್ತರ ಕೊಡುವುದು ಮಾವ. ಸುಗ್ಗಿಯಲ್ಲಿ ಅಡಿಕೆ ಸುಲಿಯುವ ಹೆಂಗಸರು ನಾಲ್ಕಾರು ಜನ ಒಟ್ಟಿಗೆ ಕೂತಿರುವಾಗ ಕೇಳಿದರೆ ಮೊದಲ ಹೆಂಗಸು ಹೇಳಿದ್ದೇ ಉಳಿದವರ ಬಾಯಲ್ಲೂ ಬರುತ್ತದೆ. ಅವರ ಕೈ ಬಿಡುವಾಗುವ ಹೊತ್ತು ಕೇಳಿಕೊಂಡು, ಒಬ್ಬೊಬ್ಬರಾಗಿ ಮಾತಾಡಿಸಿ.

ಒಪ್ಪಿಗೆ ಮತ್ತು ಜವಾಬ್ದಾರಿ

ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿಯ ಪ್ರಕಾರ 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು, 12ರಿಂದ 18ರೊಳಗಿನವರಾದರೆ ಅವರದೇ ಲಿಖಿತ ಸಮ್ಮತಿಯೂ ಬೇಕು. ಪಿಯುಸಿ ಮಕ್ಕಳೆಂದರೆ ಎರಡೂ. ಪ್ರಿನ್ಸಿಪಾಲರ ಅನುಮತಿ ಪತ್ರ ಇವುಗಳ ಬದಲಿಗೆ ಬರುವುದಿಲ್ಲ. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಇಂಟರ್ನಲ್ ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಬೇಕು. ಪಾಠ ಮಾಡುವ ಮೇಷ್ಟರೇ ಬಾಗಿಲಲ್ಲಿ ನಿಂತಿದ್ದರೆ ಆ ಮಾತಿಗೆ ಬೆಲೆಯಿಲ್ಲ. ಹೆಸರು ಒಂದು ಹಾಳೆಯಲ್ಲಿ, ಕೋಡ್ ಹಾಕಿದ ಉತ್ತರ ಇನ್ನೊಂದರಲ್ಲಿ, ಎರಡೂ ಬೇರೆ ಕಡೆ. ವರದಿಯ ಕೊನೆಗೆ ಭಾಗವಹಿಸಿದವರ ಫೋಟೊ ಅಂಟಿಸುವ ಪದ್ಧತಿಯನ್ನು ಬಿಡಲೇಬೇಕು.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ನೋವು ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಅದಕ್ಕೆ ಯಾರಾದರೂ 0 ಬಿಟ್ಟು ಬೇರೆ ಹಾಕಿದರೆ ಅದೇ ದಿನ ಯಾರು ಮಾತಾಡುತ್ತಾರೆ, ಎಲ್ಲಿಗೆ ಕಳಿಸುತ್ತೀರಿ ಎಂಬ ಏರ್ಪಾಡಿಲ್ಲದೆ ಈ ಮಾಪನ ಹಂಚಬಾರದು. ಹೆಸರಿಲ್ಲದ ಆನ್‌ಲೈನ್ ಫಾರ್ಮಿನಲ್ಲಿ ಆ ವ್ಯಕ್ತಿಯನ್ನು ಹುಡುಕಲೂ ಆಗದು. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416 ಎಲ್ಲ ಹಾಳೆಯ ಕೆಳಗೂ ಇರಲಿ.

ಲೆಕ್ಕ

ಲೆಕ್ಕದ ತಂತ್ರಾಂಶಗಳಾದ ಜಾಸ್ಪ್, ಜಮೋವಿ ಎರಡೂ ಉಚಿತ. ಒಬ್ಬರಿಗೆ ಒಂದು ಸಾಲು. ಉತ್ತರವಿಲ್ಲದ ಕಡೆ ಖಾಲಿ ಬಿಡಿ, 0 ಹಾಕಬೇಡಿ. ಮೂಲ ಕಡತವನ್ನು ಮುಟ್ಟದೆ ಪ್ರತಿಯಲ್ಲಿ ಕೆಲಸ ಮಾಡಿ. ಲೆಕ್ಕ ಅರ್ಥವಾಗಲೆಂದು ಸಂಖ್ಯೆಗಳನ್ನು ಊಹಿಸಿಕೊಳ್ಳೋಣ: ಫೋನು ಹೊರಗಿಟ್ಟ 64 ಜನರ ಸರಾಸರಿ 8.4 ಪದ, ಹತ್ತಿರ ಇಟ್ಟ 64 ಜನರದು 7.0, ಎರಡರಲ್ಲೂ ಮಾನಕ ವಿಚಲನೆ (ಸರಾಸರಿಯಿಂದ ಅಂಕಗಳ ಚದುರುವಿಕೆ) 2.8. ವ್ಯತ್ಯಾಸ 1.4, ಅದನ್ನು 2.8ರಿಂದ ಭಾಗಿಸಿದರೆ ಡಿ 0.5. ಎರಡು ಸರಾಸರಿಗಳನ್ನು ಹೋಲಿಸುವ ಟಿ ಪರೀಕ್ಷೆಯ ಮೌಲ್ಯ 2.83, ಪಿ ಸುಮಾರು 0.005. ನಿಜವಾದ ವ್ಯತ್ಯಾಸದ 95% ವಿಶ್ವಾಸ ವ್ಯಾಪ್ತಿ (ಅದು ಇರಬಹುದಾದ ಅಂದಾಜು ಮಿತಿಗಳು) 0.4ರಿಂದ 2.4 ಪದ. ವರದಿಯಲ್ಲಿ ಇವೆಲ್ಲ ಬರಬೇಕು, ಬರೀ "ಪಿ 0.05ಕ್ಕಿಂತ ಕಡಿಮೆ" ಎಂದರೆ ಓದುವವರಿಗೆ ವ್ಯತ್ಯಾಸ ಎಷ್ಟೆಂದೇ ತಿಳಿಯದು. ಪಿ 0.005 ಎಂದರೆ ಪ್ರಾಕ್ಕಲ್ಪನೆ 99.5% ನಿಜ ಎಂದಲ್ಲ. ಫೋನಿನಿಂದ ಏನೂ ಆಗುವುದಿಲ್ಲ ಎಂದೇ ಇಟ್ಟುಕೊಂಡರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಬರೀ ಹಂಚಿಕೆಯ ಆಕಸ್ಮಿಕದಿಂದ ಬರುವ ಸಾಧ್ಯತೆ ಸಾವಿರಕ್ಕೆ ಐದು ಎಂದು ಮಾತ್ರ.

ಮೊದಲು ಬರೆದಿಟ್ಟ ಪರೀಕ್ಷೆ ಒಂದೇ ಆದರೆ ಈ ಮಾತು ನಿಲ್ಲುತ್ತದೆ. ಏನೂ ಸಿಗಲಿಲ್ಲವೆಂದು ಹುಡುಗರು ಹುಡುಗಿಯರು, ಹಾಸ್ಟೆಲ್ ಮನೆ, ಕಲೆ ವಾಣಿಜ್ಯ ಎಂದು ಒಡೆದು ಒಡೆದು 20 ಪರೀಕ್ಷೆ ಹಾಕಿದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಎಂದುಕೊಂಡರೆ, ನಿಜವಾದ ವ್ಯತ್ಯಾಸ ಎಲ್ಲೂ ಇಲ್ಲದಿದ್ದಾಗ ಒಂದಾದರೂ "ಸಾರ್ಥಕ" (ಪಿ 0.05ಕ್ಕಿಂತ ಕಡಿಮೆ) ಎಂದು ಬರುವ ಸಾಧ್ಯತೆ 64%. 2015ರಲ್ಲಿ ಮನೋವಿಜ್ಞಾನದ 100 ಪ್ರಕಟಿತ ಅಧ್ಯಯನಗಳನ್ನು ಸಂಶೋಧಕರ ದೊಡ್ಡ ತಂಡವೊಂದು ಮತ್ತೆ ಮಾಡಿ ನೋಡಿತು. ಮೂಲದಲ್ಲಿ 97% ಸಾರ್ಥಕ ಫಲಿತಾಂಶವಿದ್ದದ್ದು ಮರುಪರೀಕ್ಷೆಯಲ್ಲಿ 36% ಆಯಿತು. ಸಣ್ಣ ಪ್ರತಿದರ್ಶ, ಹೀಗೆ ಒಡೆದು ಹುಡುಕುವ ಅಭ್ಯಾಸ, ಸಿಗದಿದ್ದನ್ನು ಪ್ರಕಟಿಸದಿರುವುದು ಇವೆಲ್ಲ ಅದರ ಹಿಂದೆ ಇವೆ ಎಂಬ ಚರ್ಚೆ ಇಂದಿಗೂ ನಡೆದಿದೆ.

ನಿಮ್ಮ 128 ಜನರಲ್ಲಿ ವ್ಯತ್ಯಾಸವೇ ಬರಲಿಲ್ಲ ಎನ್ನಿ. "ಮೊಬೈಲಿನಿಂದ ತೊಂದರೆಯಿಲ್ಲ" ಎಂದು ಬರೆಯುವ ಹಾಗಿಲ್ಲ. ವಿಶ್ವಾಸ ವ್ಯಾಪ್ತಿ ಕೊಟ್ಟು, ಅದರೊಳಗೆ ಬೀಳುವಷ್ಟು ಸಣ್ಣ ಪರಿಣಾಮ ಇನ್ನೂ ಇರಬಹುದು ಎಂದು ಬರೆಯಿರಿ. ಫೋನು ಸುಮ್ಮನೆ ಮೇಜಿನ ಮೇಲಿದ್ದಾಗ ಏನಾಯಿತು ಎಂದಷ್ಟೇ ನೀವು ನೋಡಿದ್ದೀರಿ, ರಾತ್ರಿ ಹನ್ನೊಂದಕ್ಕೆ ರೀಲ್ಸ್ ನೋಡುತ್ತ ಓದುವವರ ಬಗ್ಗೆ ಈ ಡೇಟಾ ಏನೂ ಹೇಳದು ಎಂಬುದನ್ನು ಮಿತಿಗಳ ಭಾಗದಲ್ಲಿ ಸೇರಿಸಿ. ಗೈಡ್ ಒಪ್ಪಿದರೆ ಪದಪಟ್ಟಿ, ಸೂಚನೆಯ ಹಾಳೆ, ತಿದ್ದುವ ನಿಯಮ ಮೂರನ್ನೂ ಅನುಬಂಧದಲ್ಲಿ ಹಾಕಿ; ಮುಂದಿನ ಬ್ಯಾಚಿನವರು ಇದನ್ನೇ ಮತ್ತೆ ಮಾಡಲು ಬೇಕಾಗುವುದು ಅವೇ.